ನಮ್ಮ ಮರಿ ತುಂಬಾ ಸಾಧು

ಮಾರ್ಚ್ ೩, ಸೋಮವಾರ

ಸಿಟ್ಟು ಇನ್ನೂ ಇಳಿದಿಲ್ಲ. ಯಾರ ಮುಂದಾದರೂ ಕಾರಿಕೊಳ್ಳಬೇಕು. ಹೆಂಡತಿಯ ಮುಂದೆ ಕಾರಿಕೊಂಡರೆ ಇವಳು ಇನ್ನಷ್ಟು ಕುಗ್ಗುತ್ತಾಳೆ. ಅದಕ್ಕೇ ವಿಮೆಯವರು ಕೊಟ್ಟ ಡೈರಿ ಹುಡುಕಿ ತೆಗೆದೆ.

ಲಕ್ವ ಹೊಡೆದ ಮೇಲೆ ಇವಳು ಮನೆಯಿಂದಾಚೆ ನಡೆಯಲು ಕಾಲಿಟ್ಟದ್ದು ಇವತ್ತೇ ಮೊದಲು. ಬಲಗೈ, ಬಲಗಾಲು ಎರಡೂ ಮಾತು ಕೇಳುವುದಿಲ್ಲ. ನಾಲಿಗೆಯೂ ಅಷ್ಟೇ, ಒಂದು ಪದ ಹೊರಗೆ ಬರುವಷ್ಟರಲ್ಲಿ ಕೇಳುವವರು ಬೇರೆ ಮಾತಿಗೆ ಹೋಗಿರುತ್ತಾರೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿಗೆಲ್ಲ ಮಾತು ಜೋಡಿಸಿಕೊಟ್ಟವಳು ಇವಳು! ವ್ಯಾಯಾಮ ಮಾಡಿಸಲು ಮನೆಗೆ ಬರುವ ಫಿಸಿಯೋ ಹುಡುಗಿ ಖಡಾಖಂಡಿತವಾಗಿ ಹೇಳಿದ್ದಾಳೆ: "ಮನೆಯೊಳಗಿನ ನಡಿಗೆ ಸಾಲಲ್ಲ ಸಾರ್. ಸಮನಾದ, ಉದ್ದನೆಯ ದಾರಿ ಬೇಕು. ಈ ಮೊದಲ ಕೆಲವು ತಿಂಗಳಲ್ಲಿ ಕಾಲಿಗೆ ಏನು ವಾಪಸ್ ಬರುತ್ತೋ ಅದೇ ಬಂದ ಹಾಗೆ. ಆಮೇಲೆ ಪಾದ ಸೆಟೆದುಕೊಂಡ್ರೆ ಯಾರೂ ಏನೂ ಮಾಡಕ್ಕಾಗಲ್ಲ." ರಸ್ತೆಯಲ್ಲಿ ಫುಟ್‌ಪಾತ್ ಹೆಸರಿಗೆ ಮಾತ್ರ. ಹಾಗಾಗಿ ನಮ್ಮ ಎರಡು ಕಟ್ಟಡಗಳ ನಡುವಿನ ಪಾರ್ಕೇ ಗತಿ.

ಮೂರು ಕಾಲಿನ ಊರುಗೋಲು ಹಿಡಿದು ಮೊದಲ ಬೆಂಚಿನವರೆಗೆ ಚೆನ್ನಾಗಿಯೇ ಬಂದಳು. ಎಲ್ಲಿತ್ತೋ ಏನೋ, ಕಂದು ಬಣ್ಣದ ನಾಯಿಯೊಂದು ಓಡಿಬಂದು ಇವಳ ಎದೆಯ ಮೇಲೆ ಮುಂಗಾಲು ಹಾಕಿತು. ಊರುಗೋಲು ಅತ್ತ, ಇವಳು ಇತ್ತ. ನಾನು ಸೊಂಟ ಹಿಡಿಯದಿದ್ದರೆ ಸಿಮೆಂಟಿನ ಮೇಲೆ ಬೀಳುತ್ತಿದ್ದಳು. ಅದರ ಯಜಮಾನ ಆ ತುದಿಯ ಬೆಂಚಿನಿಂದ ಏಳಲೂ ಇಲ್ಲ. ಅಲ್ಲಿಂದಲೇ, "ಹೆದರಬೇಡೀಮ್ಮ, ಏನೂ ಮಾಡಲ್ಲ! ನಮ್ಮ ಮರಿ ತುಂಬಾ ಸಾಧು!" ಅಂದ. ಮರಿಯಂತೆ! ಕರುವಿನಷ್ಟಿದೆ. ಏನೂ ಮಾಡದ ನಾಯಿಗೆ ಒಂದು ಚೈನು ಹಾಕಿದರೆ ಇವನ ಗಂಟೇನು ಹೋಗುತ್ತಿತ್ತು? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಮನೆಗೆ ಬಂದ ಮೇಲೆ ಇವಳು ಬಹಳ ಹೊತ್ತು ಒದ್ದಾಡಿ ಒಂದು ಮಾತು ಹೇಳಿದಳು. "ನಾಯಿ... ಅಲ್ಲ. ಬಿದ್ರೆ... ಮತ್ತೆ ಏಳಲ್ಲ... ನಾನು."

ಆ ಮನುಷ್ಯನನ್ನು ಸುಮ್ಮನೆ ಬಿಡುವುದಿಲ್ಲ.

ಮಾರ್ಚ್ ೬, ಗುರುವಾರ

ಬಿಡಲಿಲ್ಲ. ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿ ಆಯುಷ್ಯ ಕಳೆದವನು ನಾನು. ಸೀಟಿ ಇಲ್ಲದಿದ್ದರೂ ಗಂಟಲಿದೆ. ಸಂಜೆ ಪಾರ್ಕಿಗೆ ಇಳಿದೆ. ಆತ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಅಂತೆ, ಎದುರು ಕಟ್ಟಡದವನು. ಪಕ್ಕದಲ್ಲಿ ಒಬ್ಬ ಹಲ್ಲಿನ ಡಾಕ್ಟರಮ್ಮ, ಕಂಕುಳಲ್ಲಿ ಬಿಳಿ ಕುಚ್ಚಿನಂಥ ನಾಯಿ.

ಹೇಳಬೇಕಾದ್ದನ್ನೆಲ್ಲ ಹೇಳಿದೆ. ಪಾರ್ಕು ನಿಮ್ಮ ನಾಯಿಗೆ ಬರೆದುಕೊಟ್ಟದ್ದಲ್ಲ. ಅದು ಸಾಧು ಅಂತ ನಿಮಗೆ ಗೊತ್ತು, ಎದುರಿಗೆ ಬರುವವರಿಗೆ ಹೇಗೆ ಗೊತ್ತಾಗಬೇಕು? ಅದರ ಹಣೆಯ ಮೇಲೆ ಬರೆದಿದೆಯೇ? ಹೆದರುವವರು ಹೆದರಿಕೆಗೆ ಕಾರಣ ಕೊಡಬೇಕಾಗಿಲ್ಲ, ನಾಯಿ ತಂದವರು ನಾಯಿ ಹಿಡಿದುಕೊಳ್ಳಬೇಕು, ಅಷ್ಟೇ. ಆಚೆ ಬೆಂಚಿನವರೂ ತಿರುಗಿ ನೋಡುವಷ್ಟು ಜೋರಾಗಿಯೇ ಹೇಳಿದೆ.

ಜಗಳಕ್ಕೆ ಸೊಂಟ ಕಟ್ಟಿಕೊಂಡು ಹೋದರೆ ಆ ಮನುಷ್ಯ ಎದ್ದು ನಿಂತು ಕೈ ಮುಗಿದ. "ತಪ್ಪಾಯ್ತು ಮೇಷ್ಟ್ರೇ. ನಿಮ್ಮ ಮನೆಯವರಿಗೆ ಹುಷಾರಿಲ್ಲ ಅಂತ ನನಗೆ ತಿಳೀಲಿಲ್ಲ. ಐದರಿಂದ ಆರು ಗಂಟೆ ಅವರದ್ದು. ಆಗ ನಮ್ಮ ಯಾರ ನಾಯಿನೂ ಚೈನು ಬಿಡಲ್ಲ, ಆ ತುದಿ ದಾಟಲ್ಲ." ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟ. ಬೇಡ ಅಂದೆ. ಗೆದ್ದು ಬಂದಿದ್ದೇನೆ, ಚಹಾ ಯಾರಿಗೆ ಬೇಕು!

ಮಾರ್ಚ್ ೧೧, ಮಂಗಳವಾರ

ಇವಳು ಇವತ್ತು ನೀರಿನ ನಲ್ಲಿಯವರೆಗೆ ಹೋದಳು! ಪಾರ್ಕಿನ ಅರ್ಧ. ನಾನು ಕೈ ಹಿಡಿದಿರಲಿಲ್ಲ, ಸುಮ್ಮನೆ ಪಕ್ಕದಲ್ಲಿದ್ದೆ. ಬಲಗಾಲನ್ನು ಎಳೆಯುವುದಿಲ್ಲ ಈಗ, ಎತ್ತಿ ಇಡುತ್ತಾಳೆ. ಮಣ್ಣಿಗೆ ಬಿದ್ದ ಹೂವೊಂದನ್ನು ದಾಟಿ ಹೆಜ್ಜೆ ಇಟ್ಟಳು, ಬೇಕೆಂದೇ, ನನಗೆ ತೋರಿಸಲು. ಆ ತುದಿಯಲ್ಲಿ ಮ್ಯಾನೇಜರು ನಾಯಿಯನ್ನು ಮೊಣಕಾಲಿಗೆ ಒತ್ತಿ ಹಿಡಿದು ನಿಂತಿದ್ದರು. ಅಲ್ಲಿಂದಲೇ ಸಲಾಮು ಹೊಡೆದರು. ಇವಳು ಎಡಗೈ ಎತ್ತಿ ವಾಪಸ್ ಹೊಡೆದಳು.

ಲಿಫ್ಟಿನಲ್ಲಿ "ನಾಳೆ... ಪೂರ್ತಿ" ಅಂದಳು. ನನಗೆ ಕಣ್ಣು ತುಂಬಿತು. ಲಿಫ್ಟಿನ ಗುಂಡಿಯನ್ನೇ ನೋಡುತ್ತ ನಿಂತೆ.

ಮಾರ್ಚ್ ೧೯, ಬುಧವಾರ

ಪೂರ್ತಿ ಸುತ್ತು ಇನ್ನೂ ಆಗಿಲ್ಲ, ಆದರೆ ನಲ್ಲಿ ದಾಟಿದ್ದಾಳೆ. ಫಿಸಿಯೋ ಹುಡುಗಿ ಬೆನ್ನು ತಟ್ಟಿದಳು.

ಇವಳನ್ನು ಮೇಲೆ ಬಿಟ್ಟು, ಮ್ಯಾನೇಜರಿಗೆ ಒಂದು ಥ್ಯಾಂಕ್ಸ್ ಹೇಳಿ ಬರೋಣ ಎಂದು ಇಳಿದೆ. ಮರ್ಯಾದೆ ಅಂತ ಒಂದಿರುತ್ತದಲ್ಲ. ಚಹಾ ಕೊಟ್ಟರು, ಕುಡಿದೆ. ಕಾಲೇಜಿನಲ್ಲಿ ಅವರು ಹರ್ಡಲ್ಸ್ ಓಡುತ್ತಿದ್ದರಂತೆ! ಒಮ್ಮೆ ಕೊನೆಯ ಹರ್ಡಲ್‌ನ ಅಡ್ಡಪಟ್ಟಿಗೆ ಚಡ್ಡಿ ಸಿಕ್ಕಿಕೊಂಡು, ಚಡ್ಡಿ ಅಲ್ಲೇ ಉಳಿದು, ಇವರು ಮಾತ್ರ ಮೊದಲು ಬಂದದ್ದನ್ನು ಹೇಳಿ ಎಲ್ಲರ ಹೊಟ್ಟೆ ಹುಣ್ಣಾಗಿಸಿದರು. ನಾನು ಗಟ್ಟಿಯಾಗಿ ನಕ್ಕೆ. ನಗುವಾಗಲೇ ನೆನಪಾಯಿತು, ಹೀಗೆ ನಕ್ಕು ಎಷ್ಟು ಕಾಲವಾಗಿತ್ತು ಎಂದು. ಮನೆಯಲ್ಲಿ ಒಂದು ಪ್ರಶ್ನೆ ಕೇಳಿದರೆ ಉತ್ತರ ಬರುವಷ್ಟರಲ್ಲಿ ಕುಕ್ಕರ್ ಕೂಗಿರುತ್ತದೆ. ಪಾಪ, ಅವಳ ತಪ್ಪಲ್ಲ.

ಬಾಗಿಲು ತೆರೆದಾಗ ಕತ್ತಲಲ್ಲೇ ಕೂತಿದ್ದಳು. ದೀಪದ ಸ್ವಿಚ್ಚು ಎತ್ತರದಲ್ಲಿದೆ. "ಎಲ್ಲಿ... ಹೋಗಿದ್ರಿ?" ಅಂದಳು. ಹಾಲು ತರಲು ಎಂದೆ. ಯಾಕೆ ಸುಳ್ಳು ಹೇಳಿದೆನೋ.

ಮಾರ್ಚ್ ೨೭, ಗುರುವಾರ

ಮ್ಯಾನೇಜರು ಬಹಳ ಸಂಕೋಚದಿಂದ ಒಂದು ಮಾತು ಕೇಳಿದರು. ಐದರಿಂದ ಆರಕ್ಕೆ ಮರಿಯನ್ನು ಕಟ್ಟಿ ಹಾಕಿದರೆ ಅದು ಒಂದೇ ಸಮ ಕೊರಗುತ್ತದಂತೆ. ಮುಂಚೆ ಕರೆತರೋಣವೆಂದರೆ ಬಿಸಿಲಿಗೆ ಸಿಮೆಂಟು ಕಾದು ಪಾದ ಸುಡುತ್ತದೆ. "ನಿಮ್ಮ ಮನೆಯವರು ನಾಲ್ಕಕ್ಕೆ ಬರೋದಾದ್ರೆ... ಅವರಿಗೆ ಚಪ್ಪಲಿ ಇರುತ್ತಲ್ಲ ಮೇಷ್ಟ್ರೇ. ತೊಂದರೆ ಇದ್ರೆ ಬೇಡ."

ಅಷ್ಟು ಉಪಕಾರ ಮಾಡಿದ ಮನುಷ್ಯರಿಗೆ ಆಗುವುದಿಲ್ಲ ಎನ್ನುವುದು ಹೇಗೆ? ಆಗಲಿ ಎಂದು ಬಂದೆ. ಒಂದು ಗಂಟೆ ಹಿಂದುಮುಂದು, ಇವಳನ್ನು ಕೇಳುವಂಥದ್ದೇನಿದೆ?

ಏಪ್ರಿಲ್ ೪, ಶುಕ್ರವಾರ

ನಾಲ್ಕು ಗಂಟೆಗೆ ಬಿಸಿಲು ಹೆಚ್ಚೇ. ಇವಳು ಮೊದಲ ಬೆಂಚಿನಲ್ಲೇ ಕೂತುಬಿಡುತ್ತಾಳೆ, ತಲೆ ಸುತ್ತುತ್ತದಂತೆ. ಅದಕ್ಕೆ ಮ್ಯಾನೇಜರೇ ದಾರಿ ಹೇಳಿದರು: ಎಲ್ಲರೂ ಐದಕ್ಕೇ ಒಟ್ಟಿಗೆ ಬರೋಣ, ನಾಯಿಗಳು ಚೈನಿನಲ್ಲೇ ಇರಲಿ. ಅವರದು ಉದ್ದಕ್ಕೆ ಬಿಚ್ಚಿಕೊಳ್ಳುವ ಹೊಸ ಥರದ ಚೈನು, ಮರಿ ಒಂದಿಷ್ಟು ದೂರ ಓಡಾಡಬಹುದು. ನ್ಯಾಯವಾದ ಮಾತು.

ಆದರೆ ಇವಳದು ಮೊಲಕ್ಕೆ ಮೂರೇ ಕಾಲು. ಮರಿ ಇನ್ನೂ ಅಲ್ಲೆಲ್ಲೋ ಹುಲ್ಲು ಮೂಸುತ್ತಿದೆ, ಇವಳು ಇಲ್ಲಿ ಕಂಬವಾಗಿ ನಿಂತಿದ್ದಾಳೆ. ಕಾಲು ಏಳುವುದಿಲ್ಲ. ಎಷ್ಟು ಹೊತ್ತು ಹಾಗೇ ನಿಲ್ಲುವುದು? ಜನ ನೋಡುತ್ತಾರೆ. ಡೆಂಟಿಸ್ಟಮ್ಮ, "ರೂಢಿಯಾದ್ರೆ ಹೋಗುತ್ತೆ ಮೇಷ್ಟ್ರೇ. ನನ್ನ ಕುರ್ಚಿಗೆ ಬರೋರೂ ಮೊದಲು ಹೀಗೇ," ಅಂದರು. ನನಗೂ ಸರಿಯೆನ್ನಿಸಿತು. ಶಾಲೆಯಲ್ಲಿ ನೀರಿಗೆ ಹೆದರುವ ಮಕ್ಕಳನ್ನು ನಾನು ಮೆಟ್ಟಿಲಿಂದ ಇಳಿಸುತ್ತಿರಲಿಲ್ಲ, ಎತ್ತಿ ಕೊಳಕ್ಕೆ ಹಾಕುತ್ತಿದ್ದೆ. ಎಲ್ಲರೂ ಈಜಿದರು.

ಇದನ್ನು ಫಿಸಿಯೋ ಹುಡುಗಿಗೆ ಹೇಳಿದರೆ ಅವಳ ಮುಖ ಬೇರೆಯೇ ಆಯಿತು. "ಹೆದರಿದಾಗ ಆ ಕಾಲು ಇನ್ನೂ ಬಿಗಿಯುತ್ತೆ ಸಾರ್. ಅವರ ಭಯ ಬಿಡಿಸೋದಕ್ಕಿಂತ ನಾಯಿನ ದೂರ ಇಡಿಸೋದು ಸುಲಭ ಅಲ್ವಾ?" ನಿನ್ನೆ ಮೊನ್ನೆ ಕಾಲೇಜು ಮುಗಿಸಿದವಳು. ದೇಹದ ವಿಷಯ ನನಗೆ ಹೇಳಿಕೊಡುತ್ತಾಳೆ.

ಏಪ್ರಿಲ್ ೧೩, ಭಾನುವಾರ

ಇವತ್ತು ಓಡಿದೆ! ಈ ವಯಸ್ಸಿನಲ್ಲಿ! ಮ್ಯಾನೇಜರಿಗೆ ಮಂಡಿನೋವು, "ಒಂದು ಸುತ್ತು ಕರ್ಕೊಂಡು ಹೋಗಿ ಬನ್ನಿ ಮೇಷ್ಟ್ರೇ" ಎಂದು ಚೈನು ನನ್ನ ಕೈಗೆ ಕೊಟ್ಟರು. ಮರಿ ಎಳೆಯಿತು, ನಾನು ಬೆನ್ನು ಹತ್ತಿದೆ. ಪಾರ್ಕು ಪೂರ್ತಿ ಸುತ್ತಿ ಬಂದಾಗ ಇಬ್ಬರ ನಾಲಿಗೆಯೂ ಹೊರಗೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮರಿ ನನ್ನ ಪಾದದ ಮೇಲೆ ತಲೆ ಇಟ್ಟು ಮಲಗಿತು. ಎಷ್ಟು ಭಾರ, ಎಷ್ಟು ಬೆಚ್ಚಗೆ! ನನ್ನನ್ನು ಏನೂ ಕೇಳದ, ನಾನು ಎತ್ತಿ ಕೂರಿಸಬೇಕಾಗಿಲ್ಲದ ಒಂದು ಜೀವ.

ಇವಳು ಆಗ ಮೊದಲ ಬೆಂಚಿನಲ್ಲಿ ಊರುಗೋಲನ್ನು ಎದೆಗೆ ಅಡ್ಡ ಹಿಡಿದು ಕೂತಿದ್ದಳು. ನಾನು ಓಡಿದ್ದನ್ನು ನೋಡಿದೆಯಾ ಎಂದು ಕೇಳಿದೆ. ತಲೆಯಾಡಿಸಿದಳು.

ಏಪ್ರಿಲ್ ೨೨, ಮಂಗಳವಾರ

ಹತ್ತಿರದಿಂದಲೇ ರೂಢಿ ಮಾಡಿಸಿ ಎಂದು ಎಲ್ಲರದೂ ಒಂದೇ ಸಲಹೆ, ನಂದೂ ಅದೇ ಯೋಚನೆ. ಒಂದು ಕೈಯಲ್ಲಿ ಇವಳನ್ನು ಹಿಡಿದು, ಇನ್ನೊಂದು ಕೈಯಲ್ಲಿ ಮರಿಯ ಚೈನು ಹಿಡಿದು ಹೊರಟೆ. ನಾನೇ ನಡುವೆ ಇದ್ದೆನಲ್ಲ! ಇವಳು "ಬೇ... ಬೇ..." ಎನ್ನುತ್ತಿದ್ದಳು, ನಾನು "ಏನಾಗಲ್ಲ, ನಡಿ" ಎಂದೆ. ನಲ್ಲಿಯ ಹತ್ತಿರ ಅದು ಇವಳ ಕೈ ಮೂಸಲು ಈ ಕಡೆ ಬಂತು, ಅಷ್ಟೇ. ಇವಳು ಹಿಂದೆ ಸರಿಯಲು ಹೋಗಿ ಬಿದ್ದಳು. ಮೂಳೆ ಮುರಿದಿಲ್ಲ. ಮೊಣಕೈ ತರಚಿದೆ, ಸೊಂಟಕ್ಕೆ ಪೆಟ್ಟು.

ಮರಿ ಏನೂ ಮಾಡಲಿಲ್ಲ. ಮೂಸಿತು, ಅಷ್ಟೇ.

ಏಪ್ರಿಲ್ ೨೩, ಬುಧವಾರ

ಮ್ಯಾನೇಜರು ಹಣ್ಣು ತೆಗೆದುಕೊಂಡು ಮನೆಗೆ ಬಂದಿದ್ದರು. ಇವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ತಿರುಗಲಿಲ್ಲ. ನನಗೆ ನಾಚಿಕೆಯಾಯಿತು.

ಮೇ ೫, ಸೋಮವಾರ

ಕೆಳಗೆ ಬರುವುದಿಲ್ಲ ಎಂದು ಹಟ. ಚಪ್ಪಲಿ ಹಾಕಲು ಹೋದರೆ ಪಾದ ಒಳಗೆಳೆದುಕೊಳ್ಳುತ್ತಾಳೆ. ಬೇಡಿದೆ, ಗದರಿದೆ, ಎರಡು ದಿನ ಮಾತು ಬಿಟ್ಟೆ. ಮಾತು ಬಿಟ್ಟದ್ದು ಇವಳಿಗೆ ತಿಳಿಯಿತೋ ಇಲ್ಲವೋ.

ನಾನು ಪಾರ್ಕಿನಲ್ಲಿರುವಾಗ ಮನೆಯೊಳಗೆ ಒಬ್ಬಳೇ ನಡೆಯುತ್ತಾಳೆ ಎಂದು ಇವತ್ತು ಗೊತ್ತಾಯಿತು. ಮಲಗುವ ಕೋಣೆಯಿಂದ ಅಡುಗೆಮನೆವರೆಗೆ ಗೋಡೆಯುದ್ದಕ್ಕೂ ಎಡ ಅಂಗೈಯ ಕಂದು ಗುರುತು. ಹೋದ ವರ್ಷವಷ್ಟೇ ಬಣ್ಣ ಹೊಡೆಸಿದ್ದು. ಸೋಪಿನ ನೀರಿನಲ್ಲಿ ಉಜ್ಜಿದೆ, ಪೂರ್ತಿ ಹೋಗಲಿಲ್ಲ. "ಗೋಡೆ ಹಿಡಿದು ನಡೆಯೋಕಾಗುತ್ತೆ, ಪಾರ್ಕಲ್ಲಿ ಆಗಲ್ಲ, ಅಲ್ವಾ?" ಎಂದು ಕೇಳಿಯೇಬಿಟ್ಟೆ. ಇವಳು ಉತ್ತರ ಕೊಡಲು ಬಾಯಿ ತೆರೆದಳು. ಆರು ಗಂಟೆಯಾಗಿತ್ತು, ಕೆಳಗೆ ಕಾಯುತ್ತಿದ್ದರು. ಬಂದು ಕೇಳುತ್ತೇನೆ ಎಂದು ಹೋದೆ. ಬಂದ ಮೇಲೆ ಮರೆತೆ.

ಮೇ ೧೮, ಭಾನುವಾರ

ನಮ್ಮ ಕಟ್ಟಡಕ್ಕೆ ಹೊಸದಾಗಿ ಬಂದ ನರ್ಸು ಒಬ್ಬಳು ಇವತ್ತು ನಮ್ಮ ಬೆಂಚಿಗೆ ಬಂದು ರಾಗ ಎಳೆದಳು. ಗೇಟಿಗೆ ಹೋಗಲು ಪಾರ್ಕು ದಾಟಲೇಬೇಕಂತೆ, ಚಿಕ್ಕಂದಿನಲ್ಲಿ ನಾಯಿ ಕಚ್ಚಿತ್ತಂತೆ, ಡ್ಯೂಟಿಗೆ ಹೋಗುವ ಹೊತ್ತಿಗೆ ಮರಿಯನ್ನು ಚೈನಿನಲ್ಲಿ ಹಿಡಿದುಕೊಳ್ಳಬೇಕಂತೆ. ಮ್ಯಾನೇಜರು ಮೆತ್ತಗಿನ ಮನುಷ್ಯ, ಇನ್ನೇನು ಒಪ್ಪಿಬಿಡುತ್ತಿದ್ದರು. ನಾನೇ ಬಾಯಿ ಹಾಕಿದೆ.

"ನೋಡಮ್ಮ, ಹೆದರೋರಿಗೋಸ್ಕರ ಎಲ್ಲರೂ ಕಟ್ಟಿಹಾಕಿಕೊಂಡು ಕೂರಕ್ಕಾಗಲ್ಲ. ಧೈರ್ಯ ಅನ್ನೋದು ನಾವೇ ತಂದುಕೊಳ್ಳಬೇಕು."

"ನಿಮ್ಮ ಮನೇಲಿ ಹೆದರೋರು ಯಾರೂ ಇಲ್ವಾ ಅಂಕಲ್?" ಅಂದಳು, ಎದುರುತ್ತರ.

"ಇದ್ದಾರಮ್ಮ. ಅವರು ಕೆಳಗೇ ಬರಲ್ಲ. ಯಾರಿಗೂ ತೊಂದರೆ ಇಲ್ಲ."

ಆಕೆ ನನ್ನನ್ನು ಒಂದು ಥರ ನೋಡಿ ಹೋದಳು. ಡೆಂಟಿಸ್ಟಮ್ಮ "ಸರಿಯಾಗಿ ಹೇಳಿದ್ರಿ ಮೇಷ್ಟ್ರೇ" ಎಂದು ನಕ್ಕರು. ಈಗಿನವರಿಗೆ ಎಲ್ಲವೂ ತಮ್ಮ ಕಾಲಬುಡಕ್ಕೇ ಬರಬೇಕು.

ಜೂನ್ ೨, ಸೋಮವಾರ

ಫಿಸಿಯೋ ಹುಡುಗಿ ಇವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ತಿರುಗಿಸಲು ನೋಡಿದಳು. ತಿರುಗಲಿಲ್ಲ. ಪಾದದ ಮುಂಭಾಗ ಕೆಳಕ್ಕೆ ಬಾಗಿ ಹಾಗೇ ನಿಂತಿದೆ. ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. "ಮಾರ್ಚಲ್ಲಿ ಎಷ್ಟು ಚೆನ್ನಾಗಿ ಬರ್ತಿತ್ತು" ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಆಮೇಲೆ ನನ್ನನ್ನು ಹೊರಗೆ ಕರೆದು, ಇನ್ನು ವೀಲ್‌ಚೇರು ತರಿಸಿ, ನಡಿಗೆಯ ಆಸೆ ಬಿಡಬೇಕಾಗುತ್ತೆ ಎಂದಳು. ಅವಳ ಕಣ್ಣು ಕೆಂಪಾಗಿತ್ತು. ಬೂಟು ಹಾಕಿಕೊಳ್ಳುವಾಗ ಒಂದು ಮಾತು ಕೇಳಿದಳು: "ಪಾರ್ಕಿನ ದಾರಿ ಏನಾಯ್ತು ಸಾರ್?" ಅವರು ಬರೋಕೇ ಒಪ್ಪಲಿಲ್ಲಮ್ಮ ಎಂದೆ. ಅದು ನಿಜ ತಾನೇ?

ಅಡುಗೆಮನೆಯಲ್ಲಿ ನಿಂತು ಅತ್ತೆ. ಅಳು ಕೇಳಿಸಬಾರದೆಂದು ನಲ್ಲಿ ಬಿಟ್ಟುಕೊಂಡೆ. ಇವಳಿಗೆ ನಾನು ಏನು ಕಡಿಮೆ ಮಾಡಿದೆ? ಊಟ, ಸ್ನಾನ, ಔಷಧಿ, ಒಂದು ದಿನ ತಪ್ಪಿಸಿದ್ದಿಲ್ಲ. ಆ ಪಾರ್ಕಿಗಾಗಿ ಗಂಟಲು ಹರಿದುಕೊಂಡು ಜಗಳ ಆಡಿದವನು ನಾನೇ. ಎಲ್ಲಿ ತಪ್ಪಿತು ಎಂದು ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ಕೆಳಗೆ ಹೋಗಿ ಹೇಳಿಕೊಂಡೆ. ಮ್ಯಾನೇಜರು ಹೆಗಲ ಮೇಲೆ ಕೈ ಹಾಕಿ, "ಹಣೆಬರಹ ಮೇಷ್ಟ್ರೇ, ನೀವೇನು ಮಾಡೋಕಾಗುತ್ತೆ" ಎಂದರು. ಮನಸ್ಸು ಹಗುರವಾಯಿತು.

ಜೂನ್ ೧೪, ಶನಿವಾರ

ವೀಲ್‌ಚೇರು ಬಂದಿದೆ. ಒಳ್ಳೆಯ ಗಾಲಿ, ಒಂದು ಕೈಯಲ್ಲಿ ತಳ್ಳಬಹುದು. ಇವಳು ಅದರತ್ತ ನೋಡುವುದಿಲ್ಲ. ಇವತ್ತು ಅಂಗೈಯಿಂದ ತನ್ನ ಬಲಗಾಲಿನ ಮೇಲೆ ಮೆಲ್ಲಗೆ ತಟ್ಟುತ್ತಿದ್ದಳು, ಮಗುವನ್ನು ಮಲಗಿಸುವ ಹಾಗೆ. ನಾನು ಬಂದದ್ದು ಕಂಡು ನಿಲ್ಲಿಸಿದಳು.

ಜೂನ್ ೨೯, ಭಾನುವಾರ

ಇವತ್ತು ಬಹಳ ಒಳ್ಳೆಯ ದಿನ, ವಿವರವಾಗಿ ಬರೆಯಬೇಕು.

ಎಷ್ಟು ದಿನವೆಂದು ನಾಲ್ಕು ಗೋಡೆಗಳ ನಡುವೆ ಕೊಳೆಯುವುದು? ಗಾಲಿಯ ಮೇಲಿದ್ದರೆ ಬೀಳುವ ಮಾತೇ ಇಲ್ಲವಲ್ಲ. ಮಧ್ಯಾಹ್ನವೇ ತಲೆ ಬಾಚಿ, ಒಳ್ಳೆಯ ಸೀರೆ ಉಡಿಸಿ ಕೂರಿಸಿದೆ. ಇವಳು ಬಾಗಿಲಿನ ಚೌಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಳು. ಬೆರಳು ಒಂದೊಂದಾಗಿ ಬಿಡಿಸಿದೆ. ಲಿಫ್ಟಿನಲ್ಲಿ ತಕರಾರು ಮಾಡಲಿಲ್ಲ.

ಎಲ್ಲರೂ ಎದ್ದು ನಿಂತು ಬರಮಾಡಿಕೊಂಡರು. ಡೆಂಟಿಸ್ಟಮ್ಮ ಇವಳ ಕೆನ್ನೆ ಮುಟ್ಟಿ, "ಎಷ್ಟು ಚೆನ್ನಾಗಿ ಕಾಣ್ತಾರೆ!" ಅಂದರು. ಗಾಲಿಯನ್ನು ಬೆಂಚಿನ ಪಕ್ಕ ನಿಲ್ಲಿಸಿದೆ. ಅಲ್ಲಿ ನೆಲ ಸ್ವಲ್ಪ ಇಳಿಜಾರು, ಜಾರದಿರಲೆಂದು ಬ್ರೇಕ್ ಹಾಕಿದೆ. ಮ್ಯಾನೇಜರು ನನ್ನ ಕಡೆ ನೋಡಿ, "ಬಿಡಲಾ?" ಎಂದು ಕೇಳಿದರು. ಅವರು ಯಾವಾಗಲೂ ಹಾಗೆ, ಕೇಳದೆ ಏನೂ ಮಾಡುವವರಲ್ಲ. ಬಿಡಿ ಎಂದೆ.

ಮರಿ ಬಂದು ಮೊದಲು ಗಾಲಿ ಮೂಸಿತು. ಇವಳು ಏನೋ ಹೇಳಲು ಶುರುಮಾಡಿದಳು. ಅದು ಮುಗಿಯುವಷ್ಟರಲ್ಲಿ ಮರಿ ಎರಡೂ ಮುಂಗಾಲನ್ನು ಇವಳ ತೊಡೆಯ ಮೇಲಿಟ್ಟು ಮುಖ ನೆಕ್ಕಿತು. ಕಿರುಚಲಿಲ್ಲ! ಹಿಂದೆ ಸರಿಯಲಿಲ್ಲ! ಕಲ್ಲಿನ ಹಾಗೆ ಕೂತೇ ಇದ್ದಳು. ಎಡಗೈ ಮಾತ್ರ ಗಾಲಿಯ ಅಂಚನ್ನು ಹಿಡಿದು ಎಳೆಯುತ್ತಿತ್ತು, ಬ್ರೇಕ್ ಇತ್ತಲ್ಲ. "ನೋಡಿ, ನೋಡಿ, ಭಯ ಹೋಯ್ತು!" ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಮ್ಯಾನೇಜರು ಫೋಟೋ ತೆಗೆದು ನನಗೆ ಕಳಿಸಿದರು. ಫೋಟೋದಲ್ಲಿ ಇವಳ ಕಣ್ಣು ಮುಚ್ಚಿದೆ, ಬಿಸಿಲು ಎದುರಿಗಿತ್ತು.

ಇಷ್ಟು ದಿನದ ಮೇಲೆ ಎಲ್ಲರೂ ಒಂದೇ ಕಡೆ ಕೂತಿದ್ದೆವು.

ಮನೆಗೆ ಬಂದ ಮೇಲೆ ಇವಳು ಮುಖ ಒರೆಸಿ ಎಂದು ಸನ್ನೆ ಮಾಡಿದಳು. ಒರೆಸಿದೆ. ಮತ್ತೆ ಸನ್ನೆ ಮಾಡಿದಳು, ಮತ್ತೆ ಒರೆಸಿದೆ. ಆಮೇಲೆ ಟವಲನ್ನು ನನ್ನ ಕೈಯಿಂದ ಕಿತ್ತುಕೊಂಡು ತಾನೇ ಉಜ್ಜಿಕೊಳ್ಳುತ್ತ ಕೂತಳು, ಕೆನ್ನೆ ಕೆಂಪಾಗುವವರೆಗೆ. ಏನಾದರೂ ಬೇಕಾ ಎಂದು ಕೇಳಿದೆ. ನನ್ನನ್ನೇ ನೋಡಿದಳು. ಈಗೀಗ ಮಾತಾಡುವ ಪ್ರಯತ್ನವನ್ನೇ ಬಿಟ್ಟಿದ್ದಾಳೆ, ಅದನ್ನು ಡಾಕ್ಟರ ಹತ್ತಿರ ಹೇಳಬೇಕು.

ನಾಳೆಯೂ ಇದೇ ಹೊತ್ತಿಗೆ ಕರೆದುಕೊಂಡು ಬರುತ್ತೇನೆ ಎಂದು ಎಲ್ಲರಿಗೂ ಹೇಳಿ ಬಂದಿದ್ದೇನೆ.